ಹಲಗೆ ದೋಣಿಯೋ, ಪ್ಲೈವುಡ್ ದೋಣಿಯೋ?

ಗೋವಾದ ವಾಸ್ಕೋದ ಮನೆಯಂಗಳದಲ್ಲಿ 14 ಅಡಿಯ ಮೋಟಾರು ದೋಣಿ ಕಟ್ಟಿ ಜುವಾರಿ ಹೊಳೆಗೆ ಇಳಿಸಬೇಕೆನ್ನುವವರಿಗೆ ಎರಡು ದಾರಿ.

ಪಕ್ಕೆಲುಬಿನಂಥ ಮರದ ಚೌಕಟ್ಟು ನಿಲ್ಲಿಸಿ ಸಾಗುವಾನಿ ಹಲಗೆ ಹೊಡೆಯುವುದಕ್ಕೆ ಕೈ ಪಳಗಿರಬೇಕು. ಮೊಳೆ ತಾಮ್ರದ್ದೋ ಕಂಚಿನದ್ದೋ ಆಗಬೇಕು. ಕಬ್ಬಿಣ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ದೋಣಿ ಸದಾ ನೀರಲ್ಲೇ ಇರುವುದಾದರೆ ಸರಿ. ಬಿಸಿಲಲ್ಲಿ ಟ್ರೇಲರ್ ಮೇಲೆ ನಿಂತರೆ ಹಲಗೆ ಒಣಗಿ ಸಂದು ಬಿಡುತ್ತದೆ, ಇಳಿಸಿದ ದಿನ ನೀರು ಮೊಗೆಯುವುದೇ ಕೆಲಸ.

ಇನ್ನೊಂದು, ಪ್ಲೈವುಡ್ ಕತ್ತರಿಸಿ ತಾಮ್ರದ ತಂತಿಯಲ್ಲಿ ಹೊಲಿದು, ಒಳಮೂಲೆಗೆ ಮರದ ಪುಡಿ ಕಲಸಿದ ಎಪಾಕ್ಸಿ ಅಂಟು ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸುವುದು. ಮೊದಲ ಸಲ ಕಟ್ಟುವವರಿಗೆ ನಮ್ಮ ಮತ ಇದಕ್ಕೇ. ಭಾರತೀಯ ಮಾನಕದ ಐಎಸ್ 710 ಮುದ್ರೆಯ, ನೀರಿಗೆ ತಾಳುವ ಮರೀನ್ ಪ್ಲೈ ತನ್ನಿ: ಪಕ್ಕಕ್ಕೆ 6 ಮಿ.ಮೀ., ತಳಕ್ಕೆ 9, ಎಂಜಿನ್ ಕೂರುವ ಹಿಂಬದಿಗೆ 18ರ ಎರಡು ಪದರ. 8 ಅಡಿಯ ಹಾಳೆ ಉದ್ದಕ್ಕೆ ಸಾಲದು; ಜೋಡಿಸುವ ಅಂಚನ್ನು ದಪ್ಪದ 8 ಪಟ್ಟು ಉದ್ದಕ್ಕೆ ಓರೆಯಾಗಿ ಹೆರೆದು ಅಂಟಿಸಿ. ಮಳೆಗಾಲದಲ್ಲಿ ಮಾತ್ರ ಎಪಾಕ್ಸಿ ಡಬ್ಬಿ ಮುಟ್ಟದಿರುವುದೇ ವಾಸಿ. ತೇವಕ್ಕೆ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಅದನ್ನು ನೀರಲ್ಲಿ ತೊಳೆಯದೆ ಉಪ್ಪುಕಾಗದ ಹಾಕಿದರೆ ಮುಂದಿನ ಪದರ ಸುಲಿದು ಬರುತ್ತದೆ. ಎಂಜಿನ್ ಬೋಲ್ಟಿನ ತೂತಿನೊಳಗೂ ಎಪಾಕ್ಸಿ ಸವರಿ, ಪ್ಲೈ ಕೊಳೆಯಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.