ಭೂಕಂಪದ ನಿಗಾಕ್ಕೆ ಝೆಡ್-ಎಫ್9ಪಿ ಬೋರ್ಡು: ದುರ್ಗದ ಬಂಡೆಗೆ ಒಗ್ಗುತ್ತದೆ, ದಾವಣಗೆರೆಯ ಎರೆ ನೆಲಕ್ಕೆ ಒಗ್ಗಿಸಬೇಕು

ಯು-ಬ್ಲಾಕ್ಸ್‌ನ ಈ ಜಿಪಿಎಸ್ ರಿಸೀವರು ಉಪಗ್ರಹಗಳ ಎಲ್1, ಎಲ್2 ಅನ್ನುವ ಎರಡೂ ಆವರ್ತನಗಳ ಸಿಗ್ನಲ್ ಹಿಡಿದು ತಾನಿರುವ ಜಾಗ ಅಳೆಯುತ್ತದೆ. ಹತ್ತಿರದ ಬೇಸ್ ಸ್ಟೇಷನ್ನಿನ (ಜಾಗ ಮೊದಲೇ ಗೊತ್ತಿರುವ ಇನ್ನೊಂದು ರಿಸೀವರಿನ) ತಿದ್ದುಪಡಿ ಸಿಕ್ಕರೆ ಅಡ್ಡ ಅಳತೆಯಲ್ಲಿ ಸುಮಾರು 1 ಸೆಂ.ಮೀ. ವ್ಯತ್ಯಾಸ, ಬೇಸ್ ದೂರವಾದಷ್ಟೂ ಕಿಲೋಮೀಟರಿಗೆ 1 ಮಿ.ಮೀ. ಸೇರುತ್ತದೆ. ಕಾಲೇಜು ಪ್ರಯೋಗಾಲಯಕ್ಕೆ ಖಂಡಿತ ಕೊಳ್ಳಬಹುದು. ಆದರೆ ಸೀಸ್ಮೋಮೀಟರಿನ (ಕಂಪನಮಾಪಕದ) ಬದಲಿಗೆ ಅಂತ ಕೊಳ್ಳಬೇಡಿ. 4ರ ತೀವ್ರತೆಯ ಕಂಪನದಲ್ಲಿ ನೆಲ ಸರಿಯುವುದು ಹೆಚ್ಚೆಂದರೆ ಕೆಲವು ಮಿಲಿಮೀಟರು, ಅದು ಇದರ ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡ ಭೂಕಂಪದಲ್ಲಿ ಮಾತ್ರ ಉಪಗ್ರಹದ ಅಳತೆಗೆ ಸಾಟಿಯಿಲ್ಲ: 2011ರ ಮಾರ್ಚ್ 11ರಂದು ಜಪಾನಿನ ಕಂಪನಮಾಪಕಗಳ ಮೊದಲ ಅಂದಾಜು 7.9, ನಿಜವಾಗಿ ಆಗಿದ್ದು 9.0. ಓಶಿಕಾ ಪರ್ಯಾಯ ದ್ವೀಪ 5.3 ಮೀಟರ್ ಸರಿದದ್ದನ್ನು ಅಲ್ಲಿನ ಜಿಪಿಎಸ್ ಕೇಂದ್ರ ಅಳೆದಿತ್ತು.

ಬೋರ್ಡಿಗಿಂತ ಆಂಟೆನಾದ ಬುಡ ಮುಖ್ಯ. ಚಿತ್ರದುರ್ಗದ ಕಡೆ ನೆಲದಿಂದ ಎದ್ದ ಗಟ್ಟಿ ಗ್ರಾನೈಟ್ ಸಿಕ್ಕರೆ ಅದೃಷ್ಟ: 20 ಸೆಂ.ಮೀ. ತೂತು ಕೊರೆದು, ದೂಳು ಊದಿ ತೆಗೆದು, 12 ಮಿ.ಮೀ. ಸ್ಟೀಲ್ ಸರಳನ್ನು ಎಪಾಕ್ಸಿಯಲ್ಲಿ ಕೂರಿಸಿ. ಕೋಟೆಯ ಬಂಡೆ ಬೇಡ, ಅದು ರಕ್ಷಿತ ಸ್ಮಾರಕ. ದಾವಣಗೆರೆ ಸುತ್ತಿನ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಮೋಟು ಕಾಂಕ್ರೀಟ್ ಕಂಬ ನಿಲ್ಲಿಸಿದರೆ ನೀವು ಅಳೆಯುವುದು ಮಣ್ಣಿನ ಉಸಿರಾಟವನ್ನು. ಎರೆ ಪದರ ದಾಟಿ ಗಟ್ಟಿ ನೆಲ ಸಿಗುವವರೆಗೂ ಅಗೆಯಲೇಬೇಕು. ತಗಡಿನ ಚಾವಣಿ, ನೀರಿನ ಟ್ಯಾಂಕು ಪಕ್ಕದಲ್ಲಿದ್ದರೆ ಸಿಗ್ನಲ್ ತಟ್ಟಿ ಬಂದು ಸುಳ್ಳು ಅಲೆ ಮೂಡಿಸುತ್ತದೆ. ಆ ಅಲೆ ದಿನಾ ಸುಮಾರು 4 ನಿಮಿಷ ಮುಂಚೆ ಬರುತ್ತಿದ್ದರೆ ಅದು ಜಿಪಿಎಸ್ ಉಪಗ್ರಹಗಳ ಸುತ್ತಿನ ಲೆಕ್ಕ (ಅವು ಆಕಾಶದ ಅದೇ ಜಾಗಕ್ಕೆ ದಿನಾ ಅಷ್ಟು ಮುಂಚೆ ಬರುತ್ತವೆ), ಭೂಕಂಪವಲ್ಲ.

ಸೆಟ್ಟಿಂಗಿನಲ್ಲಿ ಎಡವುವುದು ಒಂದೇ ಕಡೆ. ಸೀರಿಯಲ್ ಪೋರ್ಟಿನ ಆರಂಭದ ವೇಗ ಸೆಕೆಂಡಿಗೆ 38400 ಬಿಟ್; ಬೈಟಿಗೆ 10 ಬಿಟ್ ಹಿಡಿಯುವುದರಿಂದ ಸೆಕೆಂಡಿಗೆ 3840 ಬೈಟ್. 40 ಸಿಗ್ನಲ್‌ಗಳ ಕಚ್ಚಾ ಅಳತೆ ಸಲಕ್ಕೆ 1304 ಬೈಟ್. ಸೆಕೆಂಡಿಗೆ 5 ಸಲ ಕೇಳಿದರೆ 6520. ಪೋರ್ಟು ಕಟ್ಟಿಕೊಂಡು ಸಾಲುಗಳು ಬಿಟ್ಟುಹೋಗುತ್ತವೆ. 460800ಕ್ಕೆ ಏರಿಸಿ, ಉಳಿಸುವುದನ್ನು ಮರೆಯಬೇಡಿ.

ಬೇಸ್ ಎಲ್ಲಿಡಬೇಕು ಅನ್ನುವುದೇ ಕಗ್ಗಂಟು. ಬೋರ್ಡು ಹೇಳುವುದು ಬೇಸಿಗೆ ಹೋಲಿಸಿದ ಜಾಗವನ್ನು; ಎರಡೂ ಒಟ್ಟಿಗೆ ಅಲುಗಿದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ದುರ್ಗದಲ್ಲಿ ಆಂಟೆನಾ, ದಾವಣಗೆರೆಯಲ್ಲಿ ಬೇಸ್ ಇಟ್ಟರೆ ಸುಮಾರು 60 ಕಿ.ಮೀ.; ದುರ್ಗದ ಕಡೆಯಿಂದ ಬಂದ ಎಸ್ ಅಲೆ (ನೆಲವನ್ನು ಅಡ್ಡಡ್ಡ ಅಲುಗಿಸುವ ಭೂಕಂಪದ ಅಲೆ) ಸೆಕೆಂಡಿಗೆ 3.5 ಕಿ.ಮೀ.ಯಂತೆ ಬೇಸ್ ತಲುಪಲು 17 ಸೆಕೆಂಡ್ ಹೆಚ್ಚು ಬೇಕು, ಅಷ್ಟು ಹೊತ್ತು ಆ ಅಲೆಗೆ ಬೇಸ್ ಅಲುಗುವುದಿಲ್ಲ. ಆದರೆ ದೂರದ ಲೆಕ್ಕಕ್ಕೇ 6 ಸೆಂ.ಮೀ. ದೋಷ ಸೇರುತ್ತದೆ. ಹಾಗಾಗಿ ಕಚ್ಚಾ ಅಳತೆ ಉಳಿಸಿಕೊಂಡು, ಬೇಸ್ ಬೇಡದ ಪಿಪಿಪಿ ವಿಧಾನದಲ್ಲೂ (ಉಪಗ್ರಹಗಳ ನಿಖರ ಕಕ್ಷೆ, ಗಡಿಯಾರದ ಮಾಹಿತಿಯಿಂದ ಜಾಗ ಹೇಳುವುದು) ಲೆಕ್ಕ ಹಾಕಿ.

ನಮ್ಮ ಜಿಲ್ಲೆಗಳು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ) ಕದಡಿ ಸಿಗ್ನಲ್ ಕಡಿದು, ಜಾಗ ದಿಢೀರನೆ ಜಿಗಿದಂತೆ ಕಾಣಬಹುದು. ಅದೇ ಸರಳಿನ ಬುಡಕ್ಕೊಂದು ಎಡಿಎಕ್ಸ್‌ಎಲ್355 ವೇಗವರ್ಧನ ಸಂವೇದಕ ಕಟ್ಟಿ: ಅದು ತೆಪ್ಪಗಿದ್ದರೆ ಆ ಜಿಗಿತ ಆಕಾಶದ್ದು.