ಪಟಪಟ ಸದ್ದು ಬಂದರೆ: ಬಫರ್ ಹೆಚ್ಚಿಸೋದಾ, ಟ್ರ್ಯಾಕ್ ಫ್ರೀಜ್ ಮಾಡೋದಾ?

ಹಾಡು ಮಿಕ್ಸ್ ಮಾಡುವಾಗ ಪಟಪಟ ಸದ್ದು ಬರುತ್ತಿದೆ, ಹೊಸ ಲ್ಯಾಪ್‌ಟಾಪ್ ಬೇಕಾ ಎಂದು ಕೇಳಿದ್ದೀರಿ. ಅದಕ್ಕೂ ಮುಂಚೆ ಈ ಎರಡು ದಾರಿ ನೋಡಿ: ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಿದ್ಧ ಮಾಡುವ ಧ್ವನಿಯ ತುಂಡು) ಹೆಚ್ಚಿಸೋದು, ಇಲ್ಲವೇ ಟ್ರ್ಯಾಕ್ ಫ್ರೀಜ್ ಮಾಡೋದು. ಎರಡಕ್ಕೂ ಖರ್ಚಿಲ್ಲ.

ಮೊದಲು ತಡದ ವಿಷಯ, ಅದೇ ಮುಖ್ಯ. 48,000 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಧ್ವನಿಯ 48,000 ಅಳತೆ, ಅಂದರೆ ಸ್ಯಾಂಪಲ್) 64 ಸ್ಯಾಂಪಲ್ ಬಫರ್ ಅಂದರೆ ಸುಮಾರು 1.3 ಮಿಲಿಸೆಕೆಂಡ್. 1024 ಅಂದರೆ ಸುಮಾರು 21. ಪ್ರತಿ ತುಂಡು ಧ್ವನಿಯನ್ನು ಸಿದ್ಧ ಮಾಡಲು ಪ್ರೊಸೆಸರ್‌ಗೆ ಸಿಗುವುದು ಅಷ್ಟೇ ಹೊತ್ತು. ಅಷ್ಟರಲ್ಲಿ ಮುಗಿಯದಿದ್ದರೆ ಸದ್ದು ಒಡೆಯುತ್ತದೆ. ಬಫರ್ ಹೆಚ್ಚಿಸಿದರೆ ಪ್ರೊಸೆಸರ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಧ್ವನಿ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ತಡ ಆಗುತ್ತದೆ. ಆಗ ಹಾಡುವವರಿಗೆ ತಮ್ಮ ದನಿಯೇ ಹಿಂದೆ ಬಿದ್ದಂತೆ ಕೇಳುತ್ತದೆ. ತಾಳ ಹಿಡಿಯೋದು ನಿಜಕ್ಕೂ ಕಷ್ಟ, ಅಲ್ವಾ? ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಇಂಟರ್ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರಿಂಗ್ (ದನಿ ಲ್ಯಾಪ್‌ಟಾಪ್ ಸುತ್ತಿ ಬರದೆ ನೇರ ಕಿವಿಗೆ ಕೇಳುವುದು) ಇದ್ದರೆ ಈ ತೊಂದರೆ ಇಲ್ಲ.

ಫ್ರೀಜ್ ಮಾಡಿದರೆ ಟ್ರ್ಯಾಕ್ ಎಫೆಕ್ಟ್ ಸಮೇತ ಆಡಿಯೋ ಫೈಲ್ ಆಗುತ್ತದೆ, ಹಾಗಾಗಿ ಪ್ರೊಸೆಸರ್‌ಗೆ ಅದರ ಭಾರ ಇಳಿಯುತ್ತದೆ. ತಡ ಹೆಚ್ಚುವುದಿಲ್ಲ. ಡಿಸ್ಕ್‌ನಲ್ಲಿ ಸ್ವಲ್ಪ ಜಾಗ ಬೇಕು, ಮತ್ತೆ ಸ್ವರ ತಿದ್ದಬೇಕೆಂದರೆ ಅನ್‌ಫ್ರೀಜ್ ಮಾಡಬೇಕು.

ಸುಲಭದ ಲೆಕ್ಕದಲ್ಲಿ ಬಫರ್ ಮುಂದೆ. ಒಂದೇ ಸೆಟ್ಟಿಂಗ್, ಅಷ್ಟೇ.

ರೆಕಾರ್ಡಿಂಗ್ ಮುಗಿಸಿ ಬರೀ ಮಿಕ್ಸ್ ಮಾಡುತ್ತಿದ್ದರೆ ನಾನು 1024 ಇಡುತ್ತೇನೆ. ಇನ್ನೂ ಹಾಡಿಸುವುದಿದ್ದರೆ ಬಫರ್ ಚಿಕ್ಕದಾಗಿಟ್ಟು, ಭಾರದ ಸಿಂಥ್ (ಸಾಫ್ಟ್‌ವೇರ್ ವಾದ್ಯ) ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡುತ್ತೇನೆ. ಭಾರವೆಲ್ಲ ಮಾಸ್ಟರ್ ಟ್ರ್ಯಾಕ್‌ನ (ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಕಡೆ) ಪ್ಲಗಿನ್‌ಗಳದ್ದೇ, ಅಂದರೆ ಎಫೆಕ್ಟ್ ಕೊಡುವ ಸಾಫ್ಟ್‌ವೇರ್‌ಗಳದ್ದೇ ಆಗಿದ್ದರೆ ಬೇರೆ ಟ್ರ್ಯಾಕ್‌ಗಳನ್ನು ಸುಮ್ನೆ ಫ್ರೀಜ್ ಮಾಡಬೇಡಿ. ಹಾಡಿಸುವಷ್ಟು ಹೊತ್ತು ಆ ಪ್ಲಗಿನ್‌ಗಳನ್ನು ಆಫ್ ಮಾಡಿಡಿ.