ಗಾಡಿ ಬಂದ್ ಬಿತ್ತೆಂದು ಇಂಜಿನ್ ಬಿಚ್ಚಿಸಬೇಡಿ

ಹಳೆ ಪೆಟ್ರೋಲ್ ಕಾರು ಇಟ್ಟುಕೊಂಡು ಕಲಬುರಗಿ, ಬೀದರ್, ಯಾದಗಿರಿ ಕಡೆ ಓಡಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಓಡುತ್ತಿದ್ದ ಗಾಡಿ ಸದ್ದಿಲ್ಲದೆ ಬಂದ್ ಬಿದ್ದು, ಗ್ಯಾರೇಜಿನವರು "ಇಂಜಿನ್ ಹೋಗ್ಯಾದ" ಅಂದರೆ, ಸ್ಪಾರ್ಕ್, ಪೆಟ್ರೋಲ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಮೂರನ್ನೂ ನಿಮ್ಮೆದುರು ಚೆಕ್ ಮಾಡುವ ತನಕ ಹೆಡ್ಡಿಗೆ (ವಾಲ್ವ್ ಇರುವ ಇಂಜಿನ್ನಿನ ಮೇಲ್ಭಾಗ) ಪಾನಾ ಹಾಕಲು ಬಿಡಬೇಡಿ. ನಮ್ಮ ಮನೆಯಿಂದ 38,000 ರೂಪಾಯಿ ಹೋಯಿತು. ದುಡ್ಡಿಗಿಂತ ಹೆಚ್ಚು ಸಂಕಟ ಏನೆಂದರೆ, ಸರಿಯಾಗಿದ್ದ ಇಂಜಿನ್ನನ್ನು ಸುಮ್ಮನೆ ಬಿಚ್ಚಿಹಾಕಿದರು.

ನಮ್ಮದು 2009ರ ಗಾಡಿ. ಮೇ ತಿಂಗಳ ಸುಡುಬಿಸಿಲಲ್ಲಿ ನಾನು, ಅಪ್ಪ ಬೀದರ್‌ನಿಂದ ಕಲಬುರಗಿಗೆ ಬರುತ್ತಿದ್ದೆವು. ಎಸಿ ಹಾಕಿತ್ತು. ಹುಮನಾಬಾದ್ ದಾಟಿ ಕಮಲಾಪುರದ ಕಡೆ ಬರುವಾಗ ಇಂಜಿನ್ ಪಟ್ಟನೆ ನಿಂತಿತು. ಒದರಾಟ ಇಲ್ಲ, ಹೊಗೆ ಇಲ್ಲ, ಟೆಂಪರೇಚರ್ ಮುಳ್ಳು ನಡುವೆಯೇ ಇತ್ತು. ಆರ್‌ಪಿಎಂ ಮುಳ್ಳು ಮಾತ್ರ ಸೊನ್ನೆಗೆ ಬಿದ್ದಿತ್ತು. ಗಾಡಿ ಇನ್ನೂ ಗೇರಿನಲ್ಲೇ ಉರುಳುತ್ತಿತ್ತು, ಅಂದರೆ ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಲೇ ಇದ್ದವು. ಆದರೂ ಮುಳ್ಳು ಏಳಲಿಲ್ಲ. ಈ ಒಂದು ಗುರುತನ್ನು ನೆನಪಿಡಿ, ಮುಂದೆ ಬರುತ್ತದೆ.

ಹೀಗಾದಾಗ ಸ್ಟೇರಿಂಗ್ ಭಾರ ಆಗುತ್ತದೆ, ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಿನಂತಾಗುತ್ತದೆ. ಗಾಬರಿಯಲ್ಲಿ ಚಾವಿ ಹೊರಗೆ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು. ಇಂಡಿಕೇಟರ್ ನಾಲ್ಕೂ ಹಾಕಿ, ಒಮ್ಮೆ ಒತ್ತಿದ ಬ್ರೇಕ್ ಬಿಡದೆ ಬದಿಗೆ ತನ್ನಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಸಹಾಯಕ್ಕೆ 1033.

ಗಾಡಿ ಎಳೆಸಿಕೊಂಡು ಕಲಬುರಗಿಯ ಒಂದು ಗ್ಯಾರೇಜಿಗೆ ಬಂದೆವು. ಹೆಸರು ಬರೆಯುವುದಿಲ್ಲ. ಬಾನೆಟ್ ಇನ್ನೂ ಕೈ ಸುಡುತ್ತಿತ್ತು. ಅಲ್ಲಿನ ಮೇಸ್ತ್ರಿ ಚಾವಿ ತಿರುಗಿಸಿದ, ಸ್ಟಾರ್ಟ್ ಆಗಲಿಲ್ಲ. ಆಯಿಲ್ ಕ್ಯಾಪ್ ತೆಗೆದು ಒಳಗೆ ನೋಡಿ, "ಇಂಜಿನ್ ಜಾಮ್ ಆಗ್ಯಾದ್ರಿ ಸರ, ಭಾಳ ಹಳೀ ಗಾಡಿ" ಅಂದ. ಸ್ಟಾರ್ಟರ್ ಆಡಿಸಿದಾಗ ಇಂಜಿನ್ ಗರಗರ ತಿರುಗುತ್ತಿತ್ತು. ತಿರುಗುವ ಇಂಜಿನ್ ಜಾಮ್ ಹೇಗಾದೀತು? ಕೇಳಿದೆ. "ನಾಳೆ ನೋಡಿ ಹೇಳ್ತೀನ್ರಿ" ಅಂತ ಕಳಿಸಿಬಿಟ್ಟ. ಮರುದಿನ ನಾನು ಸೇಡಂನಲ್ಲಿ ಡ್ಯೂಟಿಯಲ್ಲಿದ್ದೆ. ಅಪ್ಪನಿಗೆ ಫೋನು: "ಕಾಕಾ, ಹೆಡ್ ಬಿಚ್ಚೀವಿ, ವಾಲ್ವ್ ಎಲ್ಲಾ ಖರಾಬ್ ಅವ, ಏನ್ ಮಾಡ್ಲಿ?" ಬಿಚ್ಚಿದ ಮೇಲೆ ಕೇಳಿದರೆ ಅಪ್ಪ ಏನು ಹೇಳಬೇಕು! ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ ಚಾವಿ ತಿರುಗಿಸಿಯೂ ನೋಡಿರಲಿಲ್ಲ.

ಹೆಡ್ ಗ್ಯಾಸ್ಕೆಟ್, ವಾಲ್ವ್ ಕೆಲಸ, ಆಯಿಲ್, ಕೂಲಂಟ್, ಮಜೂರಿ ಎಲ್ಲಾ ಸೇರಿಸಿ ಬಿಲ್ ಬಂತು. ಗಾಡಿ ಸ್ಟಾರ್ಟೂ ಆಯಿತು. ಮೋಸ ಅಡಗಿರುವುದು ಇಲ್ಲೇ. ಬಿಸಿಯಾದಾಗ ಕೆಟ್ಟು, ಆರಿದಾಗ ತಾನೇ ಸರಿಹೋಗುವ ದೋಷಕ್ಕೆ ಯಾವ ರಿಪೇರಿ ಮಾಡಿದರೂ ಗುಣವಾದಂತೆಯೇ ಕಾಣುತ್ತದೆ. ಗ್ಯಾರೇಜಿನಲ್ಲಿ ನೆರಳಿಗೆ ನಿಂತ ಗಾಡಿ ಏನೂ ಮಾಡದಿದ್ದರೂ ಸ್ಟಾರ್ಟ್ ಆಗುತ್ತಿತ್ತು.

ಸ್ವಲ್ಪ ದಿನಕ್ಕೆ ಜೇವರ್ಗಿ ರೋಡಿನಲ್ಲಿ, ಅದೇ ಬಿಸಿಲಿನ ಹೊತ್ತಿಗೆ, ಅದೇ ಥರ ನಿಂತಿತು. ಮುಳ್ಳು ಸೊನ್ನೆ. ಈ ಸಲ ಗೆಳೆಯನೊಬ್ಬ ಹೇಳಿದಂತೆ ಗಾಡಿಗಳ ವೈರಿಂಗ್ ಕೆಲಸ ಮಾಡುವವರೊಬ್ಬರ ಹತ್ತಿರ ಹೋದೆ. ಹೋಗುವಷ್ಟರಲ್ಲಿ ಗಾಡಿ ಆರಿ ಸ್ಟಾರ್ಟ್ ಆಗಿತ್ತು. ಅವರು ಕೈಯನ್ನೇ ಹಾಕಲಿಲ್ಲ. "ಚಾಲೂ ಇದ್ದಾಗ ಏನ್ ನೋಡೋದ್ರಿ? ಬಂದ್ ಬೀಳ್ಲಿ, ಆಮ್ಯಾಲ ಹಿಡೀತೀನಿ" ಅಂದರು. ಎಸಿ ಹಾಕಿ, ಬಿಸಿಲಲ್ಲಿ ನಿಲ್ಲಿಸಿ ಇಂಜಿನ್ ಓಡಲು ಬಿಟ್ಟರು. ಕೊನೆಗೆ ನಿಂತಿತು.

ಆಗ ಒಂದು ಪ್ಲಗ್ ತೆಗೆದು, ಅದರ ಕ್ಯಾಪಿಗೇ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದು, ನನಗೆ ಸೆಲ್ಫ್ ಹೊಡೆಯಲು ಹೇಳಿದರು. ನೀಲಿ ಕಿಡಿ ಬರಬೇಕಾದ ಜಾಗದಲ್ಲಿ ಏನೂ ಇಲ್ಲ. ಕೆಳಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಸೆನ್ಸರ್‌ಗೆ ತಂತಿ ಸಿಕ್ಕಿಸುವ ಕಪ್ಲರ್ ಕಳಚಿ ಮೀಟರ್ ಹಚ್ಚಿದರು. ಎರಡು ತಂತಿಯ ಸೆನ್ಸರ್ ಅದು, ಒಳಗೆ ಕಾಯಿಲ್ ಇರುತ್ತದೆ. ಮೀಟರಿನಲ್ಲಿ ಓಮ್ ತೋರಿಸಬೇಕು. ಓಪನ್, ಅಂದರೆ ತಂತಿ ಕಡಿದಂತೆ, ತೋರಿಸಿತು. ಒದ್ದೆ ಬಟ್ಟೆ ಸುತ್ತಿ ಕಾದರು. ಅಂಕಿ ಕಾಣಿಸಿತು. ಕಪ್ಲರ್ ಹಾಕಿ ಚಾವಿ ತಿರುಗಿಸಿದರೆ ಇಂಜಿನ್ ಎದ್ದು ಕೂತಿತು! ಬಿಸಿಗೆ ಕಾಯಿಲಿನ ಸಣ್ಣ ತಂತಿ ಬಿಟ್ಟುಕೊಳ್ಳುತ್ತಿತ್ತು, ಆರಿದರೆ ಕೂಡಿಕೊಳ್ಳುತ್ತಿತ್ತು. ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಎಮ್‌ಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಹೇಳುವುದೇ ಈ ಸೆನ್ಸರ್. ಅದು ಸುಮ್ಮನಾದರೆ ಸ್ಪಾರ್ಕೂ ಇಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೂ ಇಲ್ಲ, ಮುಳ್ಳೂ ಏಳುವುದಿಲ್ಲ. ಸೆನ್ಸರಿಗೆ, ಅವರ ಮಜೂರಿಗೆ ಸೇರಿ ಕೊಟ್ಟಿದ್ದು ಹಿಂದಿನ ಬಿಲ್ಲಿನ ಹತ್ತನೇ ಒಂದು ಪಾಲೂ ಅಲ್ಲ. ಆ ಬೇಸಿಗೆ ಪೂರ್ತಿ ಓಡಿಸಿದ್ದೇವೆ, ಮತ್ತೆ ನಿಂತಿಲ್ಲ.

ಎಲ್ಲರ ಗಾಡಿಗೂ ಸೆನ್ಸರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬಿಸಿಗೆ ಮೇನ್ ರಿಲೇ, ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪ್ ಕೂಡ ಹೀಗೇ ಆಟ ಆಡಿಸುತ್ತವೆ. ಆದರೆ ಕಿವಿಗೊಟ್ಟರೆ ಬಹಳಷ್ಟು ತಿಳಿಯುತ್ತದೆ. ಚಾವಿ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಂಯ್ ಅನ್ನಬೇಕು, ಅದು ಪಂಪ್. ಆ ಸದ್ದಿಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಿಸಿ. ಸೆಲ್ಫ್ ಹೊಡೆದರೆ ಯಾವತ್ತಿನ ತಾಳ ತಪ್ಪಿ ಇಂಜಿನ್ ಹಗುರವಾಗಿ, ಜೋರಾಗಿ ಸುತ್ತಿದರೆ ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿಗೆ ತಕ್ಕಂತೆ ವಾಲ್ವ್ ಆಡಿಸುವ ಪಟ್ಟಿ) ಹರಿದಿರಬಹುದು. ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಕೆಲವು ಇಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಗ್ಗುತ್ತವೆ. ಸೆಲ್ಫ್ ಹೊಡೆದಾಗ ಬರೀ ಟಕ್ ಅಂದು ಸುಮ್ಮನಾದರೆ ಬ್ಯಾಟರಿ, ಟರ್ಮಿನಲ್, ಅರ್ಥ್ ತಂತಿ ನೋಡಿಸಿ. ಅವೆಲ್ಲ ಸರಿಯಿದ್ದರೆ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಲು ಹೇಳಿ. ತಿರುಗಿದರೆ ಜಾಮ್ ಅಲ್ಲ.

ಜಾಮ್ ಅಲ್ಲ, ಆದರೆ ವಾಲ್ವ್ ಹೋಗ್ಯಾವ ಅನ್ನುತ್ತಾರೆಯೇ? ಕಂಪ್ರೆಷನ್ ಗೇಜ್ ಹಾಕಿಸಿ. ಆರೋಗ್ಯವಾಗಿರುವ ಪೆಟ್ರೋಲ್ ಇಂಜಿನ್ ಸಾಮಾನ್ಯವಾಗಿ 150ರಿಂದ 190 ಪಿಎಸ್‌ಐ ತೋರಿಸುತ್ತದೆ, ಸಿಲಿಂಡರ್‌ಗಳ ನಡುವೆ ಹೆಚ್ಚು ಅಂತರ ಇರಬಾರದು. ಪ್ಲಗ್‌ಗಳನ್ನು ತೆಗೆದು ಮಾಡುವ ಕೆಲಸ, ಹೆಡ್ ಬಿಚ್ಚಬೇಕಿಲ್ಲ. ಗೇಜ್ ಇಲ್ಲ ಅನ್ನುವ ಗ್ಯಾರೇಜಿಗೆ ಇಂಜಿನ್ ಒಪ್ಪಿಸಬೇಡಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಅಪಾಯದ್ದು. ನಮ್ಮ ಅಪ್ಪನಿಗೆ ಆ ಮೇಸ್ತ್ರಿ "ಹೈದರಾಬಾದಿಂದ ಸೆಕೆಂಡ್ ಹ್ಯಾಂಡ್ ಇಂಜಿನ್ ತರಸ್ತೀನಿ, ಸಸ್ತಾ ಬೀಳ್ತದ" ಅಂತಲೂ ಹೇಳಿದ್ದ. ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಆರ್‌ಟಿಓದಲ್ಲಿ ಬದಲಾವಣೆ ಬರೆಸದೆ ಬೇರೆ ಇಂಜಿನ್ ಕೂರಿಸಿದರೆ 15 ವರ್ಷಕ್ಕೆ ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಸಿಕ್ಕಿಬೀಳುತ್ತೀರಿ, ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ. ಆ ಇಂಜಿನ್ ಎಲ್ಲಿಯದು, ಯಾವ ಗಾಡಿಯದು ಅಂತ ನಾಳೆ ಪೊಲೀಸರು ಕೇಳಿದರೆ ಉತ್ತರ ನೀವೇ ಕೊಡಬೇಕು.

ಗಾಡಿ ಬಿಟ್ಟು ಬರುವಾಗ ಜಾಬ್ ಕಾರ್ಡಿನಲ್ಲಿ "ಕೇಳದೆ ಇಂಜಿನ್ ಬಿಚ್ಚಬಾರದು" ಅಂತ ಬರೆಸಿ, ಅದರ ಫೋಟೋ ತೆಗೆದುಕೊಳ್ಳಿ. ಬದಲಿಸಿದ ಹಳೆ ಪಾರ್ಟ್‌ಗಳನ್ನು ಕೇಳಿ ವಾಪಸ್ ತನ್ನಿ. ನಮಗೆ "ಗುಜರಿಗೆ ಹೋತ್ರಿ" ಅಂದರು, ಬಗ್ಗಿದ ಒಂದು ವಾಲ್ವೂ ತೋರಿಸಲಿಲ್ಲ. ಈಗಾಗಲೇ ನಿಮಗೆ ಹೀಗಾಗಿದ್ದರೆ ಜಿಎಸ್‌ಟಿ ಬಿಲ್ಲು, ಫೋನ್‌ಪೇ ರಸೀದಿ, ಎರಡನೇ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಜೋಡಿಸಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ದೂರಿಗೆ ಫೀಸು ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ನಾವು ಕಾಗದ ಪತ್ರ ಜೋಡಿಸುತ್ತಿದ್ದೇವೆ.